ಅಗಸಿ ಲೋಳೆ ಕಾಸಿದ ವರ್ಷಗಳು

ಸಿಂಧನೂರಿನ ಒಂದು ಸಣ್ಣ ಗಲ್ಲಿಯಲ್ಲಿ ಇಪ್ಪತ್ತಾರು ವರ್ಷ ಪಾರ್ಲರ್ ನಡೆಸಿದವಳು ನಾನು. ಹೋದ ವರ್ಷ ಮೊಣಕಾಲು ನಿಲ್ಲಲು ಒಪ್ಪದೆ ಹೋದಾಗ ಕದ ಹಾಕಿದೆ. ಈಗ ತರಬೇತಿ ಮುಗಿಸಿದ ಹುಡುಗಿಯರು ಮನೆ ಹುಡುಕಿಕೊಂಡು ಬಂದು, "ಅಕ್ಕಾರ, ನಿಮ್ಮ ಅಗಸಿ ಕಂಡೀಷನರ್ ಹೆಂಗ ಮಾಡ್ತಿದ್ರಿ, ಒಂದ್ಸಲ ಹೇಳ್ರಿ" ಎಂದು ಕೇಳುತ್ತಾರೆ. ಮೊಬೈಲಿನಲ್ಲಿ ಹತ್ತಾರು ವಿಡಿಯೊ ನೋಡಿಯೇ ಬಂದಿರುತ್ತಾರೆ. ಆದರೂ ಕೇಳುತ್ತಾರೆ. ವಿಡಿಯೊದವರು ಏನೋ ಒಂದನ್ನು ಮುಚ್ಚಿಟ್ಟಿರಬೇಕು ಎಂಬ ಗುಮಾನಿ ಅವರಿಗೆ. ಆ ಗುಮಾನಿ ನನಗೆ ಚೆನ್ನಾಗಿ ಗೊತ್ತು. ನನ್ನ ಇಡೀ ವೃತ್ತಿ ಅದರಲ್ಲೇ ಕಳೆದಿದೆ.

ಮಾಡುವ ಬಗೆ ಹೇಳಿಬಿಡುತ್ತೇನೆ, ಅದರಲ್ಲಿ ಗುಟ್ಟಿಲ್ಲ. ಒಂದು ಹಿಡಿ ಅಗಸಿ ಬೀಜ, ಅದರ ಆರೇಳು ಪಟ್ಟು ನೀರು, ಸಣ್ಣ ಉರಿ. ಕೈ ಬಿಡದೆ ತಿರುವಬೇಕು. ಸೌಟು ಎತ್ತಿದಾಗ ಮೊಟ್ಟೆಯ ಬಿಳಿಯ ಹಾಗೆ ಎಳೆ ಇಳಿಯುತ್ತಿದ್ದಂತೆ ಒಲೆ ಆರಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ದಾಸವಾಳದ ಎಲೆ ಕಿವುಚಿದ ರಸ, ಬೇಕಿದ್ದರೆ ಸ್ವಲ್ಪ ಲೋಳೆಸರ. ತಲೆ ತೊಳೆದ ಮೇಲೆ ಕೂದಲಿನ ನಡುವಿನಿಂದ ತುದಿಯವರೆಗೆ ಸವರಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಬಂದೀತು. ನೀರಾಯಿತು, ವಾಸನೆ ಹುಳಿಯಾಯಿತು ಎಂದರೆ ಚೆಲ್ಲಿ. ಬಾಟಲಿ ಕಂಪನಿಯವರು ಕೆಡದಂತೆ ಏನೋ ಹಾಕುತ್ತಾರೆ, ನಾವು ಹಾಕುವುದಿಲ್ಲ. ಆದ್ದರಿಂದ ಮನೆಯದು ಎಂದರೆ ಏನೂ ಆಗುವುದಿಲ್ಲ ಎಂದು ನಂಬಬೇಡಿ. ಮನೆಯದೇ ಬೇಗ ಕೆಡುತ್ತದೆ.

ನನಗೆ ಈ ಕೆಲಸ ಕಲಿಸಿದವರು ಲಿಂಗಸುಗೂರಿನ ಸರೋಜಕ್ಕ. ಮದುವೆಯಾಗಿ ಆ ಊರಿಗೆ ಹೋದ ಹೊಸದರಲ್ಲಿ ಅವರ ಪಾರ್ಲರಿಗೆ ಸೇರಿದೆ. ದಪ್ಪ ಕನ್ನಡಕ, ಬಾಯಲ್ಲಿ ಸದಾ ಒಂದು ಲವಂಗ. ಯಾವ ಬಾಟಲಿ ಬಂದರೂ ಮುಚ್ಚಳ ತೆಗೆದು ಮೂಸಿ ನೋಡಿಯೇ ಒಳಗಿಡುತ್ತಿದ್ದರು. ಎರಡು ವರ್ಷ ಅವರ ಕೈಕೆಳಗೆ ದುಡಿದರೂ ಅಗಸಿ ಕಾಸುವುದನ್ನು ಪೂರ್ತಿ ನೋಡಲು ಅವರು ಬಿಡಲಿಲ್ಲ. ಲೋಳೆ ಎಳೆ ಕಟ್ಟುವ ಹೊತ್ತಿಗೆ ಸರಿಯಾಗಿ, "ನೀಲಿ, ಹೋಗಿ ಎರಡು ನಿಂಬಿಹಣ್ಣು ತಗೊಂಬಾ" ಎನ್ನುವರು. ನಾನು ತಿರುಗಿ ಬರುವಷ್ಟರಲ್ಲಿ ಲೋಳೆ ಸೋಸಿ ಡಬ್ಬಿ ತುಂಬಿರುತ್ತಿತ್ತು. ನಿಂಬೆಹಣ್ಣು ಮಾತ್ರ ಹಾಗೇ ಬುಟ್ಟಿಯಲ್ಲಿ ಬಿದ್ದಿರುತ್ತಿತ್ತು. ಏನೋ ಬೆರೆಸುತ್ತಾರೆ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಅವರು ಇಲ್ಲದಾಗ ಕಪಾಟಿನ ಮೂಲೆ ಮೂಲೆ ಹುಡುಕಿದ್ದೇನೆ. ಏನೂ ಸಿಕ್ಕಿರಲಿಲ್ಲ.

ಒಮ್ಮೆ ಗುರುಗುಂಟಾದ ಒಂದು ಮದುವೆಯಲ್ಲಿ ಮದುಮಗಳ ತಲೆ ಮಾಡಿಕೊಡಲು ಸರೋಜಕ್ಕ ಒಪ್ಪಿಕೊಂಡಿದ್ದರು. ಮುಂಚಿನ ದಿನ ಅವರಿಗೆ ಜ್ವರ ಬಂತು. "ನೀನ ಹೋಗಿ ಬಾ, ಎಲ್ಲಾ ಬರ್ತತಿ ನಿನಗ" ಎಂದರು. ನಾನು ಸಂಜೆಯೇ ಅಗಸಿ ಕಾಸಿ ಪಾತ್ರೆ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಬೀಜ, ಲೋಳೆ ಎಲ್ಲ ಸೇರಿ ಒಂದೇ ಮುದ್ದೆ. ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಒಂದು ಹನಿಯೂ ಇಳಿಯದು. ಬಸ್ಸಿನ ಹೊತ್ತಾಗಿತ್ತು. ಹಿಟ್ಟಿನ ಜರಡಿಗೆ ಸುರಿದು ಅಂಗೈಯಿಂದ ತಿಕ್ಕಿ, ಇಳಿದಷ್ಟನ್ನು ಡಬ್ಬಿಗೆ ತುಂಬಿಕೊಂಡು ಓಡಿದೆ.

ಮದುಮಗಳ ಕೂದಲು ಸೊಂಟದ ಕೆಳಗಿತ್ತು. ಲೋಳೆ ಹಚ್ಚಿ, ತೊಳೆದು, ಬಿಸಿಲಿಗೆ ಕೂಡಿಸಿ ಒಣಗಿಸಿದೆ. ಒಣಗಿದ ಮೇಲೆ ನೋಡುತ್ತೇನೆ, ಜರಡಿಯಿಂದ ನುಸುಳಿದ ಬೀಜಗಳು ಎಳೆ ಎಳೆಗೂ ಅಂಟಿಕೊಂಡಿವೆ. ಕಂದು ಬಣ್ಣ, ಚಪ್ಪಟೆ, ಮಿರುಗುವ ಮೈ. ನಾನು ಬಾಚಣಿಗೆ ಹಿಡಿಯುವಷ್ಟರಲ್ಲಿ ಗಂಡಿನ ಕಡೆಯ ಒಬ್ಬ ಮುದುಕಿ ಹತ್ತಿರ ಬಂದು ಬಗ್ಗಿ ನೋಡಿದರು.

"ಅಯ್ಯ ಶಿವನೇ, ತಲಿ ತುಂಬ ಹೇನು! ಇಂಥಾಕೀನ ತರಾಕ ಬಂದೀವೇನು ನಾವು?"

ಮದುಮಗಳು ಮುಖ ಮುಚ್ಚಿಕೊಂಡಳು. ಅವಳ ತಾಯಿ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅವರಿಗೂ ಅನುಮಾನ ಬಂದಿತ್ತು, ಈ ಪಾರ್ಲರಿನವಳೇ ಎಲ್ಲಿಂದಲೋ ಹೇನು ಹೊತ್ತು ತಂದಳೋ ಏನೋ ಎಂದು. ನನಗೆ ಬೇರೇನೂ ತೋಚಲಿಲ್ಲ. ನಾಲ್ಕು ಬೀಜ ಕಿತ್ತು, ಆ ಮುದುಕಿಯ ಮುಂದೆ ಹಿಡಿದು, "ಅಮ್ಮಾರ, ಅಗಸಿರೀ ಇವು, ಚಟ್ನಿ ಮಾಡೋ ಅಗಸಿ" ಎಂದು ಬಾಯಿಗೆ ಹಾಕಿಕೊಂಡು ಅಗಿದೆ. ಮುದುಕಿ ನನ್ನ ಬಾಯನ್ನೇ ನೋಡಿದರು. ಆಮೇಲೆ ತಾವೂ ಒಂದು ಕಿತ್ತು ಉಗುರಿನ ಮೇಲಿಟ್ಟು ಒತ್ತಿ, ಮೂಸಿ, ಕೊನೆಗೆ ಹಲ್ಲಿಗೆ ಕೊಟ್ಟರು. "ಹೌದ ಬಿಡು, ಅಗಸೀನ" ಎಂದಾಗ ಇಡೀ ಪಡಸಾಲೆ ನಕ್ಕಿತು. ಮೂವರು ಹೆಂಗಸರು ಕೂತು ಆ ಬೀಜಗಳನ್ನು ಆರಿಸಿದರು. ಅಕ್ಷತೆ ಬೀಳುವ ಹೊತ್ತಿಗೆ ಸುಮಾರಾಗಿ ಮುಗಿದಿತ್ತು.

ಸರೋಜಕ್ಕನ ಮುಂದೆ ಅತ್ತುಕೊಂಡು ಎಲ್ಲ ಹೇಳಿದೆ. ಅವರು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಬಿಸಿ ಇದ್ದಾಗ ಸೋಸಬೇಕು ಬೇ, ಅಷ್ಟ" ಎಂದರು.

"ಅಷ್ಟನ್ನ ಎರಡು ವರ್ಷ ಯಾಕ ಹೇಳಲಿಲ್ಲರೀ?"

"ಹೇಳಿದ್ರ ನೀ ನಾಳೆ ನನ್ನ ಎದುರಿಗೇ ಅಂಗಡಿ ಹಾಕ್ತಿ."

ಅವರ ಗುಮಾನಿ ಸುಳ್ಳಾಗಲಿಲ್ಲ. ಎದುರಿಗೆ ಹಾಕಲಿಲ್ಲ, ಅಷ್ಟೇ. ನನ್ನ ಗಂಡನಿಗೆ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಹೋಗಿ ನನ್ನದೇ ಅಂಗಡಿ ತೆಗೆದೆ. ಗಿರಣಿಯಲ್ಲಿ ದುಡಿಯುವ ಹೆಂಗಸರೇ ನನ್ನ ಮೊದಲ ಗಿರಾಕಿಗಳು. ದಿನವಿಡೀ ತೌಡಿನ ಧೂಳು ಕುಡಿದ ಅವರ ಕೂದಲು ಒಣ ಹುಲ್ಲಿನಂತಿರುತ್ತಿತ್ತು. ಕಾಲುವೆಯಿಂದ ಬರುವ ಸಿಹಿ ನೀರಿನಲ್ಲಿ ತೊಳೆದು ಲೋಳೆ ಹಚ್ಚಿದರೆ ಬಾಚಣಿಗೆ ತಾನಾಗಿಯೇ ಜಾರುತ್ತಿತ್ತು. ಬಾಯಿಂದ ಬಾಯಿಗೆ ಹೆಸರು ಹಬ್ಬಿತು.

ಸರೋಜಕ್ಕನಿಂದ ನಾನು ಸೋಸುವುದನ್ನು ತಡವಾಗಿ ಕಲಿತೆ. ಮೂಸುವುದನ್ನು ಮಾತ್ರ ಮೊದಲ ದಿನವೇ ಕಲಿತಿದ್ದೆ. ಅದು ಎಷ್ಟೋ ಸಲ ನನ್ನನ್ನು ಉಳಿಸಿದೆ. ಮದರಂಗಿ ಪುಡಿ ಬಹಳ ಹಸಿರಾಗಿ ಕಂಡರೆ ಒಂದು ಲೋಟ ನೀರಿಗೆ ಚಿಟಿಕೆ ಹಾಕಿ ನೋಡುತ್ತಿದ್ದೆ. ಹಾಕಿದ ಕೂಡಲೇ ಹಸಿರು ಬಣ್ಣ ದಾರದಂತೆ ಇಳಿದರೆ ಬಣ್ಣ ಬೆರೆಸಿದ್ದೆಂದು ಅದನ್ನು ಯಾರ ತಲೆಗೂ ಹಚ್ಚುತ್ತಿರಲಿಲ್ಲ. ಗಿರಾಕಿಗಳ ಮಾತನ್ನೂ ಹಾಗೇ ನೋಡಬೇಕು. ಜವಳಗೇರಾದಿಂದ ಬರುತ್ತಿದ್ದ ಒಬ್ಬ ಟೀಚರಮ್ಮ, ಕೂದಲು ಮುರಿಯುತ್ತಿದೆ ಎಂದು ಮೂರು ತಿಂಗಳು ನನ್ನ ಹತ್ತಿರ ಬಂದರು. "ಏನೂ ಹಚ್ಚಂಗಿಲ್ಲ ನಾ, ನಿಂದು ಬಿಟ್ರ" ಎಂದೇ ಪ್ರತಿ ಸಲ ಹೇಳುತ್ತಿದ್ದರು. ಒಂದು ದಿನ ಕುತ್ತಿಗೆಯ ಹಿಂದೆ ಕೆಂಪಗಾದ ಚರ್ಮ ನೋಡಿ ಗಟ್ಟಿಯಾಗಿ ಕೇಳಿದೆ. ಎಣ್ಣೆ ಜಿಡ್ಡು ಹೋಗಲೆಂದು ವಾರಕ್ಕೊಮ್ಮೆ ಬಟ್ಟೆ ಒಗೆಯುವ ಸೋಡಾ ಹಾಕಿ ತಲೆ ತೊಳೆಯುತ್ತಿದ್ದರು! ಅಂದಿನಿಂದ ಗಿರಾಕಿ ಏನು ಹೇಳಿದರೂ ನಾನು ಮೊದಲು ನೋಡುವುದು ತಲೆಯ ಚರ್ಮವನ್ನು, ಆಮೇಲೆ ಕೇಳುವುದು ಮಾತನ್ನು.

ಹೀಗೆ ನಂಬದೆ ನಂಬದೆ ಕೆಲಸ ಚೆನ್ನಾಗಿಯೇ ನಡೆಯಿತು. ಆಮೇಲೆ ಮುಮ್ತಾಜಳ ವಿಷಯ ಬಂತು. ಈ ಬರಹವನ್ನು ನಾನು ಬರೆಯುತ್ತಿರುವುದೇ ಅದಕ್ಕಾಗಿ.

ಮುಮ್ತಾಜ್ ಮಸ್ಕಿಯವಳು, ನನಗಿಂತ ಐದಾರು ವರ್ಷ ಚಿಕ್ಕವಳು. ಗಂಡ ತೀರಿಹೋದ ಮೇಲೆ ಶಬಾನಾ ಎಂಬ ಸಣ್ಣ ಮಗಳನ್ನು ತಾಯಿಯ ಹತ್ತಿರ ಬಿಟ್ಟು, ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಬಂದು ನನ್ನ ಜೊತೆ ದುಡಿದಳು. ಹನ್ನೊಂದು ವರ್ಷ. ಅವಳ ಬೆರಳು ಎಂಥ ಗಂಟು ಬಿದ್ದ ಕೂದಲನ್ನೂ ನೋಯಿಸದೆ ಬಿಡಿಸುತ್ತಿತ್ತು. ಸರೋಜಕ್ಕ ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡಲಿಲ್ಲ. ಕಾಸುವುದು, ಸೋಸುವುದು ಎಲ್ಲ ಹೇಳಿಕೊಟ್ಟೆ. ಹಬ್ಬಕ್ಕೆ ಅವಳ ಮನೆಯ ಶೀರ್‌ಖುರ್ಮಾ ನಮ್ಮ ಮನೆಗೆ, ನಮ್ಮ ಮನೆಯ ಹೋಳಿಗೆ ಅವಳ ಮನೆಗೆ. ಶಬಾನಾ ನನ್ನನ್ನು ತಾಯಿಯ ಒಡಹುಟ್ಟಿದ ಅಕ್ಕನೆಂಬಂತೆ ಖಾಲಾ ಎಂದೇ ಕರೆಯುತ್ತಿದ್ದಳು.

ಮಸ್ಕಿಯಲ್ಲೂ ಒಂದು ಕೋಣೆ ಹಿಡಿದು ಪಾರ್ಲರ್ ತೆಗೆಯೋಣ ಎಂದವಳು ಅವಳೇ. ಓಡಾಟ ತಪ್ಪುತ್ತದೆ, ಮಗಳ ಜೊತೆ ಇರಬಹುದು. ನಾನು ಒಪ್ಪಿದೆ. ಒಂದೇ ಒಂದು ಷರತ್ತು ಹಾಕಿದೆ. ಲೋಳೆ ಕಾಸುವುದು ಸಿಂಧನೂರಿನಲ್ಲಿ, ನನ್ನ ಕೈಯಿಂದಲೇ. ಎರಡು ದಿನಕ್ಕೊಮ್ಮೆ ಅವಳು ಬಂದು ಸ್ಟೀಲ್ ಡಬ್ಬಿಯಲ್ಲಿ ಒಯ್ಯಬೇಕು. ಹೆಸರು ನನ್ನದು, ಕೆಡಬಾರದು ಎಂದೆ. ಅವಳು ನಕ್ಕು, "ಆತು ಅಕ್ಕಾ" ಎಂದಳು.

ಎರಡು ತಿಂಗಳು ಕಳೆದಿರಬೇಕು. ಮಸ್ಕಿಯಿಂದ ಸಿಂಧನೂರಿನ ಸಂತೆಗೆ ಬಂದಿದ್ದ ಒಬ್ಬ ಗಿರಾಕಿ ನನ್ನ ಅಂಗಡಿಗೇ ಬಂದು ತಲೆ ತೋರಿಸಿದಳು. ಕೂದಲು ಹುರಿ ಹಗ್ಗದಂತೆ ಬಿರುಸಾಗಿತ್ತು. ಬಾಚಿದರೆ ಹಿಟ್ಟಿನಂಥ ಬಿಳಿ ಪುಡಿ ಉದುರುತ್ತಿತ್ತು. "ನಿಮ್ಮ ಹೆಸರು ಕೇಳಿ ಹೋಗಿದ್ವಿ ನಾವು" ಎಂದಳು. ಮರುವಾರ ಇನ್ನಿಬ್ಬರು ಬಂದರು. ಅದೇ ಬಿಳಿ ಪುಡಿ.

ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಗಂಜಿ ಒಣಗಿದರೆ ಹೀಗೇ ಇರುತ್ತದೆ ಅನ್ನಿಸಿತು. ಮುಮ್ತಾಜ್ ಲೋಳೆಗೆ ಅನ್ನದ ಗಂಜಿ ಬೆರೆಸಿ ಹೆಚ್ಚಿಸುತ್ತಿದ್ದಾಳೆ, ಮಿಕ್ಕಿದ್ದನ್ನು ಬೇರೆ ಎಲ್ಲಿಗೋ ಕೊಡುತ್ತಿದ್ದಾಳೆ. ಹೀಗೆ ಮನಸ್ಸಿನಲ್ಲೇ ಪೂರ್ತಿ ಕಥೆ ಕಟ್ಟಿದೆ. ಡಬ್ಬಿ ಒಯ್ಯಲು ಬಂದಾಗ ಕೇಳಿಯೂ ಕೇಳಿದೆ.

"ನೀ ಇದರಾಗ ಏನರ ಬೆರಸ್ತೀಯೇನು?"

"ಇಲ್ಲಕ್ಕಾ. ನೀ ಕೊಟ್ಟಿದ್ದು ಕೊಟ್ಟಂಗ ಹಚ್ಚಾಕತ್ತೀನಿ. ಅಲ್ಲಿ ನೀರಿಂದ ಏನೋ ಐತಿ ಅನಸ್ತತಿ. ಬೋರಿನ ನೀರು, ಸವಳು."

"ನೀರಿನ ಮ್ಯಾಲ ಹಾಕಬ್ಯಾಡ. ಇಷ್ಟು ವರ್ಷ ನೀರಿಗೆ ಏನಾಗಿರಲಿಲ್ಲ, ಈಗೇನಾತು?"

ಇಷ್ಟು ವರ್ಷ ನಾನು ಕೆಲಸ ಮಾಡಿದ್ದು ಕಾಲುವೆ ನೀರಿನಲ್ಲಿ. ಆ ಮಾತು ನನ್ನ ಬಾಯಿಂದಲೇ ಬಂದರೂ ನನ್ನ ಕಿವಿಗೆ ಬೀಳಲಿಲ್ಲ. ಅವಳು ಮತ್ತೆ ಏನೂ ಹೇಳದೆ ಡಬ್ಬಿ ಎತ್ತಿಕೊಂಡು ಹೋದಳು. ಆ ಸುಮ್ಮನಿರುವಿಕೆಯನ್ನೂ ನಾನು ಅವಳ ವಿರುದ್ಧವೇ ಬರೆದುಕೊಂಡೆ. ತಪ್ಪಿಲ್ಲದಿದ್ದರೆ ಜಗಳ ಮಾಡುತ್ತಿದ್ದಳು ಎಂದುಕೊಂಡೆ.

ಅಲ್ಲಿಂದ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಡಬ್ಬಿಯ ಒಳಗೆ ಮೊಳೆಯಿಂದ ಗೆರೆ ಎಳೆದು ಎಷ್ಟು ತುಂಬಿದ್ದೇನೆಂದು ಗುರುತು ಮಾಡಿದೆ. ಮಸ್ಕಿಗೆ ಹೋಗುವ ಪರಿಚಯದ ಹೆಂಗಸರಿಗೆ, "ಅಲ್ಲಿ ಒಳಗ ಏನೇನ ಇಟ್ಟಾಳ, ನೋಡಿ ಬರ್ರಿ" ಎಂದು ಹೇಳಿ ಕಳಿಸಿದೆ. ಒಬ್ಬಾಕೆ ಬಂದು, ಒಳಗಿನ ಕೋಣೆಯಲ್ಲಿ ಒಂದು ಪಾತ್ರೆಯಿದೆ, ಕದಡಿದ ನೀರಿದೆ, ಮೇಲೆ ತಟ್ಟೆ ಮುಚ್ಚಿದ್ದಾಳೆ ಎಂದಳು. ನನಗೆ ಅಷ್ಟು ಸಾಕಾಗಿತ್ತು. ಮರುದಿನ ಹೇಳದೆ ಕೇಳದೆ ಬಸ್ ಹತ್ತಿದೆ.

ಹೋದಾಗ ಇಬ್ಬರು ಗಿರಾಕಿಗಳು ಕೂತಿದ್ದರು. ಮುಮ್ತಾಜ್ ಒಬ್ಬಳ ತಲೆಗೆ ಲೋಳೆ ಹಚ್ಚುತ್ತಿದ್ದಳು. "ಅಕ್ಕಾ, ಬಾ ಬಾ, ಚಾ ಮಾಡ್ತೀನಿ" ಎಂದು ಕೈ ಒರೆಸಿಕೊಂಡಳು. ನಾನು ಅವಳನ್ನು ದಾಟಿ ನೇರ ಒಳಗೆ ಹೋಗಿ ತಟ್ಟೆ ಎತ್ತಿದೆ. ಕಂದು ಬಣ್ಣದ ಕದಡಿದ ನೀರು.

"ಏನಿದು?"

"ಹುಣಸಿಹಣ್ಣಿನ ನೀರಕ್ಕಾ. ಕಡೀಕೊಮ್ಮೆ ಕೂದಲಕ್ಕ ಹಾಕ್ತೀನಿ."

"ಹುಣಸಿಹಣ್ಣು ಸಾರಿಗೆ ಹಾಕ್ತಾರ, ತಲಿಗಲ್ಲ. ನನ್ನ ಹೆಸರ ಮ್ಯಾಲ ಏನೇನ ಸುರಿಯಾಕತ್ತೀದಿ ಜನರ ತಲಿಗೆ? ಗಂಜಿ ಎಲ್ಲಿಟ್ಟೀದಿ ತೋರ್ಸು."

"ಯಾವ ಗಂಜಿ?"

"ನಾಟಕ ಮಾಡಬ್ಯಾಡ. ಬಿಳಿ ಪುಡಿ ನಾನ ನೋಡೀನಿ."

ಗಿರಾಕಿಗಳು ನೋಡುತ್ತಿದ್ದರು. ಅವರ ಮುಂದೆಯೇ ನಾನು ಕಪಾಟು ತೆಗೆದೆ, ಬಕೆಟ್ಟು ಸರಿಸಿದೆ, ಅವಳ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದೆ. ಅದರಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಇತ್ತು. ಊಟದ ಡಬ್ಬಿ ತೆಗೆದಾಗ ಮುಮ್ತಾಜಳ ಮುಖ ಬದಲಾಯಿತು. ಅಲ್ಲಿಯವರೆಗೆ ಅವಳಿಗೆ ಗಾಬರಿಯಿತ್ತು. ಆಮೇಲೆ ಇರಲಿಲ್ಲ. ಅರ್ಧಕ್ಕೆ ನಿಂತಿದ್ದ ಗಿರಾಕಿಯ ತಲೆಯನ್ನು ಅವಸರವಿಲ್ಲದೆ ತೊಳೆದು, ಟವೆಲ್ ಸುತ್ತಿ, ಕೈ ಒರೆಸಿಕೊಂಡು ಕೋಣೆಯ ಕೀಲಿಕೈಯನ್ನು ಕನ್ನಡಿಯ ಮುಂದಿಟ್ಟಳು.

"ಅಲ್ಲಾನ ಆಣಿ, ನಾ ಏನೂ ಬೆರಸಿಲ್ಲ. ನಂಬೋದು ಬಿಡೋದು ನಿಂದು" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಆ ಹುಣಸೆ ನೀರನ್ನು ನಾನೇ ಮೋರಿಗೆ ಚೆಲ್ಲಿದೆ.

ಸಿಂಧನೂರಿನ ಅಂಗಡಿಗೆ ಬೀಗ ಹಾಕಿ, ನಾನೇ ಮಸ್ಕಿಯಲ್ಲಿ ಕೂತೆ. ಹೋದ ಹೆಸರನ್ನು ತಿರುಗಿ ತರುತ್ತೇನೆ ಎಂಬ ಹಟ. ನನ್ನ ಕೈಯಿಂದ ಕಾಸಿದ, ಯಾರೂ ಮುಟ್ಟದ ಲೋಳೆ ಒಯ್ದೆ. ಗಿರಾಕಿಗಳು ಸೋಪು ಹಚ್ಚಿ ತಲೆ ತೊಳೆಸಿಕೊಂಡರು, ನಾನು ಲೋಳೆ ಸವರಿ ತೊಳೆದೆ. ಒಣಗಿದ ಮೇಲೆ ಬಾಚಣಿಗೆ ಎಳೆದರೆ ಬಿಳಿ ಪುಡಿ. ಮೊದಲ ದಿನ ಆ ಗಿರಾಕಿಯೇ ಏನೋ ಹಚ್ಚಿಕೊಂಡಿದ್ದಾಳೆ ಎಂದುಕೊಂಡೆ. ಎರಡನೆಯ ದಿನ ಅಗಸಿ ಮಾರಿದ ಅಂಗಡಿಯವನ ಮೇಲೆ ಅನುಮಾನ. ಮೂರನೆಯ ದಿನ ಒಬ್ಬ ವಯಸ್ಸಾದ ಹೆಂಗಸು ಬಂದು, ಕೊನೆಗೆ ನಾನು ಟವೆಲ್ ಕೊಟ್ಟಾಗ ತೆಗೆದುಕೊಳ್ಳದೆ ಕೂತಳು.

"ಆ ಹುಳಿ ನೀರು ಹಾಕಂಗಿಲ್ಲೇನವಾ?"

"ಯಾವ ಹುಳಿ ನೀರು?"

"ಮುಮ್ತಾಜ್ ಹಾಕ್ತಿದ್ಲಲ್ಲ. ಮೊದಮೊದಲು ನಮ್ಮ ಕೂದಲಾನೂ ಕಸಬರಿಗಿ ಆಗಿದ್ವು. ಆಕಿ ಹುಣಸಿ ನೀರು ಹಾಕಾಕತ್ತಿದ ಮ್ಯಾಲ ರೇಷ್ಮಿ ಆದ್ವು ನೋಡು. ಈಗ ತಿಂಗಳಾತು, ಯಾರೂ ತಕರಾರ ಮಾಡಿಲ್ಲ."

ನನ್ನ ಹತ್ತಿರ ದೂರು ತಂದ ಮೂವರೂ ಅದಕ್ಕಿಂತ ಮೊದಲು ಹೋದವರೇ ಇರಬೇಕು. ಯಾವಾಗ ಹೋಗಿದ್ದಿರಿ ಎಂದು ನಾನು ಒಬ್ಬರನ್ನೂ ಕೇಳಿರಲಿಲ್ಲ.

ಆ ಹೆಂಗಸು ಹೋದ ಮೇಲೆ ಬಾಗಿಲು ಹಾಕಿಕೊಂಡು, ಬೋರಿನ ನೀರು ಹಿಡಿದು, ಸೋಪು ಹಚ್ಚಿ ನನ್ನ ತಲೆಯನ್ನೇ ತೊಳೆದುಕೊಂಡೆ. ಲೋಳೆ ಹಚ್ಚಲೇ ಇಲ್ಲ. ಒಣಗಿದ ಮೇಲೆ ಬಾಚಿಕೊಂಡೆ. ಕಪ್ಪು ಸೀರೆಯ ಸೆರಗಿನ ಮೇಲೆ ಬಿಳಿ ಪುಡಿ ಬಿತ್ತು. ಗಂಜಿಯಲ್ಲ. ಸವಳು ನೀರಿನಲ್ಲಿ ಸೋಪು ಒಡೆದು ಮೊಸರಾಗಿ ಕೂದಲಿಗೆ ಹತ್ತಿ ಒಣಗಿದ್ದು. ಹುಳಿ ಹಾಕಿದರೆ ಅದು ಬಿಟ್ಟುಕೊಳ್ಳುತ್ತದೆ. ಎಳೆ ಹುಡುಗಿಯರೇ, ಇದನ್ನು ಬರೆದಿಟ್ಟುಕೊಳ್ಳಿ: ಯಾವ ಊರಿಗೆ ಹೋದರೂ ಮೊದಲು ಆ ಊರಿನ ನೀರಿನಲ್ಲಿ ನಿಮ್ಮ ತಲೆ ತೊಳೆದುಕೊಂಡು ನೋಡಿ. ಹುಣಸೆ ನೀರು ತೆಳ್ಳಗಿರಲಿ, ಸೋಸಿರಲಿ, ಕಣ್ಣಿಗೆ ಬೀಳದಿರಲಿ, ಹಾಕಿದ ಮೇಲೆ ಮತ್ತೊಮ್ಮೆ ತೊಳೆಯಿರಿ. ಇಪ್ಪತ್ತು ವರ್ಷದ ಅನುಭವವಿದ್ದ ನನಗೆ ಇದು ಗೊತ್ತಿರಲಿಲ್ಲ. ಮುಮ್ತಾಜ್ ತಾನಾಗಿ ಕಂಡುಹಿಡಿದಿದ್ದಳು.

ಅವತ್ತೇ ಅವಳ ಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದಳು. ಕೂತುಕೊ ಎಂದಳು, ನೀರು ಕೊಟ್ಟಳು.

"ತಪ್ಪಾತು ಮುಮ್ತಾಜ್. ನೀರಿಂದ ಆಗಿತ್ತು. ನೀ ಹೇಳಬೇಕಿತ್ತಲ್ಲ, ಹುಣಸಿ ನೀರಿಂದು."

"ನೀರಿಂದು ಐತಿ ಅಂತ ಹೇಳಿದ್ನಲ್ಲಕ್ಕಾ. ಹುಣಸಿಂದೂ ಹೇಳಿದ್ರ ನಂಬ್ತಿದ್ದಿಯೇನು?"

ನಾನು ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೆಗೆದೆ. ಅವಳು ಮೊರದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಬದಿಗಿಟ್ಟಳು.

"ಕೀಲಿ ತಂದೀನಿ. ನಾಳೆಯಿಂದ ಬಾ."

"ಬ್ಯಾಡಕ್ಕಾ. ನೀ ಬೈದಿದ್ದು ಮರೀತಿದ್ದೆ. ಹನ್ನೊಂದು ವರ್ಷ ಒಂದ ಡಬ್ಬ್ಯಾಗ ಉಂಡೀವಿ. ಆ ಡಬ್ಬಿ ತಗದು ನೋಡಿದಿ ನೋಡು, ಅದು ಮರಿಯಾಕ ಆಗವಲ್ದು."

ಮಸ್ಕಿಯ ಕೋಣೆ ಬಿಟ್ಟುಕೊಟ್ಟೆ. ಮುಮ್ತಾಜ್ ಅದೇ ಊರಿನಲ್ಲಿ ಬೇರೆ ಕಡೆ ತನ್ನದೇ ಪಾರ್ಲರ್ ತೆಗೆದಳು. ಆ ಕಡೆಯ ಗಿರಾಕಿಗಳು ಬಂದರೆ ನಾನು ಅವಳ ಹತ್ತಿರ ಕಳಿಸುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಹಬ್ಬಕ್ಕೆ ಹೋಳಿಗೆ ಕಳಿಸಿದೆ, ತೆಗೆದುಕೊಂಡಳು. ಶೀರ್‌ಖುರ್ಮಾ ಮಾತ್ರ ಬರಲಿಲ್ಲ. ಆ ನಡುವೆ ಬಾಟಲಿಗಳ ಕಾಲ ಹೋಗಿ, ಕೂದಲನ್ನು ನೆಟ್ಟಗೆ ನುಣುಪಾಗಿಸುವ ಕೆರಾಟಿನ್ ಕಾಲ ಬಂತು, ಅದರಿಂದ ಬೇಸತ್ತವರು ಮತ್ತೆ ಅಗಸಿ, ದಾಸವಾಳ ಎಂದು ಬಂದರು. ನಾನು ಕಾಸುತ್ತಲೇ ಇದ್ದೆ. ಜೊತೆಗೆ ಮತ್ತೆ ಯಾರನ್ನೂ ಇಟ್ಟುಕೊಳ್ಳಲಿಲ್ಲ. ಬಂದವರ ಮೇಲೆ ಅನುಮಾನವಿತ್ತು ಎಂದಲ್ಲ. ನನ್ನ ಮೇಲೆ ನನಗಿತ್ತು.

ಅಂಗಡಿಯ ಕದ ಹಾಕಿದ ಕೆಲವು ತಿಂಗಳಿಗೆ ಮುಮ್ತಾಜ್ ಮನೆಗೆ ಬಂದಳು. ಕೈಯಲ್ಲಿ ಶಬಾನಾಳ ಮದುವೆಯ ಕಾರ್ಡು. ನನಗಾದ ಸಂತೋಷದಲ್ಲಿ ಬಾಯಿ ತಡೆಯಲಿಲ್ಲ. "ಹಿಂದಿನ ದಿನಾನ ಬರ್ತೀನಿ, ಆಕಿ ತಲಿ ನಾನ ಮಾಡ್ತೀನಿ" ಎಂದುಬಿಟ್ಟೆ.

ಅವಳು ಕಾರ್ಡನ್ನು ನನ್ನ ಕೈಗೆ ಕೊಟ್ಟಳು. "ಉಣ್ಣಾಕ ಬಾ ಅಕ್ಕಾ. ಮೊಣಕಾಲು ಬ್ಯಾರೆ ನೋಯ್ತಾವ ಅಂತಿ. ತಲಿ ನಾ ಮಾಡ್ತೀನಿ."

ಹೋದೆ. ಒಳಗಿನ ಕೋಣೆಯಲ್ಲಿ ಹೆಂಗಸರ ನಡುವೆ ಶಬಾನಾ ಕೂತಿದ್ದಳು. ದುಪಟ್ಟಾ ಇನ್ನೂ ಹೊದಿಸಿರಲಿಲ್ಲ. ಅದೇ ಊರಿನ ಸವಳು ನೀರಿನಲ್ಲಿ ತೊಳೆದ ಕೂದಲು, ಬೆನ್ನ ಮೇಲೆ ಹಾಸಿತ್ತು. ನನ್ನ ಕಣ್ಣು ಅಭ್ಯಾಸದಂತೆ ತಪ್ಪು ಹುಡುಕಿತು. ಬೈತಲೆಯ ಹತ್ತಿರ ನೋಡಿದೆ, ತುದಿ ನೋಡಿದೆ, ಕಿವಿಯ ಹಿಂದೆ ನೋಡಿದೆ. ಒಂದು ಎಳೆಯೂ ಸೀಳಿರಲಿಲ್ಲ, ಒಂದು ಚುಕ್ಕೆ ಬಿಳಿಯೂ ಇರಲಿಲ್ಲ. ಮುಟ್ಟಬೇಕೆಂದು ಕೈ ಎತ್ತಿ, ಹಾಗೇ ಇಳಿಸಿದೆ.

"ಖಾಲಾ, ಹೆಂಗ ಆಗ್ಯಾವ?" ಎಂದು ಶಬಾನಾ ಕೇಳಿದಳು.

"ಭಾಳ ಚೊಲೊ ಆಗ್ಯಾವ. ನನ್ನ ಕೈಲೆ ಇಷ್ಟು ಚೊಲೊ ಆಗ್ತಿರಲಿಲ್ಲ."

ಮುಮ್ತಾಜ್ ಪಿನ್ನು ಆರಿಸುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿದಳು.

"ಖರೇ ಹೇಳಾಕತ್ತೀಯೇನಕ್ಕಾ?"

"ಖರೇ ಹೇಳಾಕತ್ತೀನಿ."

ಅವಳು ನನ್ನ ಮುಖದಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದಳು. ಆಮೇಲೆ ಬಗ್ಗಿ ಮಗಳ ಕೂದಲಿಗೆ ಪಿನ್ನು ಸಿಕ್ಕಿಸತೊಡಗಿದಳು. ನಂಬಿದಳೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.